ಏರ್‌ಬ್ರಷ್ ಇಲ್ಲದೆ ಡೋರ್ನ್‌ನ ಹಳದಿ, ಪರ್ಟುರಾಬೋನ ಪಟ್ಟಿ: ನನ್ನ ಅನುಭವ

ಪುಟ್ಟ ಬೊಂಬೆಗಳಿಗೆ ಬಣ್ಣ ಹಚ್ಚಿ ಮೇಜಿನ ಮೇಲೆ ಆಡುವ ಯುದ್ಧದಾಟ ವಾರ್‌ಹ್ಯಾಮರ್. ಅದರ ಇಬ್ಬರು ಸೇನಾಪತಿಗಳ ಬೊಂಬೆಗಳು ಕೊನೆಗೂ ಒಂದೇ ಬೇಸ್ (ತಳಹಲಗೆ) ಮೇಲೆ ನಿಂತವು. ರೋಗಲ್ ಡೋರ್ನ್ ಒಡೆದ ಗೋಡೆಯ ಮೇಲೆ, ಪರ್ಟುರಾಬೋ ಕೆಳಗೆ ಸುತ್ತಿಗೆ ಹಿಡಿದುಕೊಂಡು. ಡೋರ್ನ್ ಪೂರ್ತಿ ಹಳದಿ, ಪೂರ್ತಿ ಬ್ರಷ್ ಕೆಲಸ; ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಮುಟ್ಟಿಲ್ಲ. "ಮಾರಾಯ, ಅಷ್ಟು ಹಳದಿ ಬ್ರಷ್‌ನಲ್ಲಿ ಬರುವುದಿಲ್ಲ, ಸುಮ್ನೆ ಒಂದು ಏರ್‌ಬ್ರಷ್ ತಗೋ" ಎಂದು ವಾರ್‌ಹ್ಯಾಮರ್ ಆಡುವ ಗೆಳೆಯರೆಲ್ಲ ಹೇಳಿದ್ದರು. ಒಬ್ಬರದು ಬೇರೆಯೇ ತಕರಾರು: ಡೋರ್ನ್‌ನದು ಬಂಗಾರದ ಕವಚ ಅಲ್ವಾ, ಹಳದಿ ಯಾಕೆ?

ಯಾಕೆಂದರೆ ನನಗೆ ಬೇಕಿದ್ದದ್ದು ಒಬ್ಬ ಡೋರ್ನ್ ಅಲ್ಲ, ಅಣ್ಣತಮ್ಮಂದಿರ ಜಗಳ. ಡೋರ್ನ್ ಕೋಟೆ ಕಟ್ಟುವವನು, ಪರ್ಟುರಾಬೋ ಕೋಟೆ ಒಡೆಯುವವನು. ಆಟದ ಕಥೆಯಲ್ಲಿ, ಪರ್ಟುರಾಬೋನ ಪಡೆ ಐರನ್ ವಾರಿಯರ್ಸ್ ಬಂದು ಮುತ್ತಿದರೂ ಟೆರ್ರಾದ (ಅಂದರೆ ಭೂಮಿಯ) ಅರಮನೆ ನಿಲ್ಲುತ್ತದಾ ಎಂದು ಇನ್ನೊಬ್ಬ ಸಹೋದರ ಫುಲ್‌ಗ್ರಿಮ್ ಡೋರ್ನ್‌ನನ್ನು ಕೇಳಿದ. ಡೋರ್ನ್ ಯೋಚಿಸಿ, ನಿಲ್ಲುತ್ತದೆ ಎಂದ. ಪರ್ಟುರಾಬೋ ಉರಿದುಬಿದ್ದ. ಮುಂದೆ ದಂಗೆಯೆದ್ದ ಸಹೋದರ ಹೋರಸ್ ಪರವಾಗಿ ಅದೇ ಅರಮನೆಗೆ ಮುತ್ತಿಗೆ ಹಾಕಿಸಿದವನು ಅವನೇ. ಈಗ ಬಣ್ಣ ನೋಡಿ. ಡೋರ್ನ್‌ನ ಇಂಪೀರಿಯಲ್ ಫಿಸ್ಟ್ಸ್ ಪಡೆಗೆ ಮೈಯೆಲ್ಲ ಹಳದಿ. ಪರ್ಟುರಾಬೋನ ಪಡೆಗೆ ಮಾಸಿದ ಕಬ್ಬಿಣ, ಅದರ ಮೇಲೆ ಹಳದಿ-ಕಪ್ಪು ಓರೆಪಟ್ಟಿ. ಇಬ್ಬರಿಗೂ ಒಂದೇ ಬಟ್ಟಲಿನ ಹಳದಿ ಹಚ್ಚಿದರೆ ರಕ್ತಸಂಬಂಧ ತಾನಾಗಿ ಕಾಣುತ್ತದೆ. ಬಂಗಾರ ಹಚ್ಚಿದರೆ ಆ ಕೊಂಡಿಯೇ ತಪ್ಪುತ್ತದೆ. ಡೋರ್ನ್‌ನ ಬಂಗಾರವನ್ನು ಅಂಚು, ಅಲಂಕಾರಗಳಿಗೆ ಮಾತ್ರ ಉಳಿಸಿದೆ.

ಖರ್ಚಿನ ವಿಷಯಕ್ಕೆ ಬರುತ್ತೇನೆ. ಎರಡೂ ಫೋರ್ಜ್ ವರ್ಲ್ಡ್ ಬ್ರ್ಯಾಂಡಿನ ರೆಸಿನ್ (ಅಚ್ಚಿಗೆ ಹೊಯ್ದ ರಾಳದ) ಬೊಂಬೆಗಳು. ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ ಹದಿನೆಂಟು ಸಾವಿರದ ಹತ್ತಿರ ಹೋಯಿತು. ಒಳ್ಳೆಯ ಏರ್‌ಬ್ರಷ್, ಕಂಪ್ರೆಸರ್ ಎಂದರೆ ಇನ್ನೊಂದು ಹತ್ತು-ಹನ್ನೆರಡು ಸಾವಿರ. ಆ ದುಡ್ಡು ನನ್ನ ಹತ್ತಿರ ಇರಲಿಲ್ಲ. ಇದ್ದರೂ ಒಂದು ಹಳದಿಗಾಗಿ ಹಾಕುತ್ತಿರಲಿಲ್ಲ. ಎರಡು ನಂಬರಿನ ಒಂದು ಸೇಬಲ್ (ಪ್ರಾಣಿರೋಮದ) ಬ್ರಷ್‌ಗೆ ಸಾವಿರದ ಮೇಲೆ ಕೊಟ್ಟೆ. ಇಡೀ ಕೆಲಸದಲ್ಲಿ ಸಾರ್ಥಕವಾದ ಖರ್ಚು ಅದು.

ರೆಸಿನ್ ತೊಳೆಯುವುದು, ಬಿಸಿನೀರಲ್ಲಿ ಬಾಗು ತೆಗೆಯುವುದು, ತುಂಡುಗಳನ್ನು ಜೋಡಿಸಲು ತಂತಿಯ ಪಿನ್ ಹೊಡೆಯುವುದು ನಿಮಗೆಲ್ಲ ಗೊತ್ತೇ ಇದೆ. ಉಜ್ಜುವಾಗ ಮಾಸ್ಕ್ ಮಾತ್ರ ಬಿಡಬೇಡಿ.

ನಮ್ಮದು ಮಂಗಳೂರು. ಜುಲೈಯ ತೇವದಲ್ಲಿ ಸ್ಪ್ರೇ ಪ್ರೈಮರ್ (ಬಣ್ಣ ಹಿಡಿಯಲು ಹಾಕುವ ಮೊದಲ ಲೇಪ) ಹೊಡೆದರೆ ಮೇಲ್ಮೈ ಮಸುಕಾಗಿ ತರಿತರಿ ಆಗುತ್ತದೆ. ಹಾಗಾಗಿ ಪ್ರೈಮರ್ ಕೂಡ ಬ್ರಷ್‌ನಲ್ಲೇ ಹಚ್ಚಿದೆ. ಮೊದಲು ಬಿಳಿ ಪ್ರೈಮರ್ ಮೇಲೆ ನೇರ ಹಳದಿ ಹಾಕಿ ನೋಡಿದೆ. ಪರೀಕ್ಷೆಗೆ ಇಟ್ಟುಕೊಂಡ ಸಾದಾ ಸೈನಿಕರ ಮೇಲೆ, ಡೋರ್ನ್ ಮೇಲೆ ಅಲ್ಲ. ಪದರ ಹೆಚ್ಚಾದಂತೆ ಸೀಮೆಸುಣ್ಣದ ಹಾಗೆ ಒಣಕಲು. ಆಮೇಲೆ ಕಾಂಟ್ರಾಸ್ಟ್ ಬಣ್ಣ, ಒಂದೇ ಪದರದಲ್ಲಿ ನೆರಳು-ಬೆಳಕು ಎರಡನ್ನೂ ಕೊಡುವ ತೆಳು ಬಣ್ಣ. ಸಣ್ಣ ಸೈನಿಕರಿಗೆ ಅದು ಪರವಾಗಿಲ್ಲ, ಆದರೆ ಅಗಲವಾದ ಕವಚದಲ್ಲಿ ಮಡುಗಟ್ಟಿ ಕಲೆ ಬಿಡುತ್ತದೆ. ಅವರ್‌ಲ್ಯಾಂಡ್ ಸನ್‌ಸೆಟ್ ಎಂಬ ಹಳದಿ ಚೆನ್ನಾಗಿ ಮುಚ್ಚುತ್ತದೆ, ಆದರೆ ಅದೊಂದೇ ಸಾಸಿವೆ ಬಣ್ಣದಲ್ಲಿ ಜೀವ ಇಲ್ಲ.

ಗೆದ್ದದ್ದು ಗುಲಾಬಿ. ಹೌದು, ಹಳದಿಯ ಅಡಿಗೆ ಗುಲಾಬಿ. ಬೂದು ಪ್ರೈಮರ್, ಸಂದುಗಳಿಗೆ ಕಂದು, ಅದರ ಮೇಲೆ ಮೈಯೆಲ್ಲ ತೆಳು ಗುಲಾಬಿ. ಬೆಳಕು ಬೀಳುವ ಕಡೆ ದಂತದ ಬಿಳಿ. ನಂತರ ಹಳದಿ ಇಂಕ್, ನೀರಿನ ಬದಲು ಮೀಡಿಯಂ (ಬಣ್ಣವಿಲ್ಲದ ತೆಳುಕಾರಕ) ಬೆರೆಸಿ, ಪದರದ ಮೇಲೆ ಪದರ. ಆರೇಳು ಪದರ ಬೇಕಾಯಿತು ಅಂತ ನೆನಪು. ಮಳೆಗಾಲದಲ್ಲಿ ಪದರ ಒಣಗುವುದೇ ಇಲ್ಲ, ಹೇರ್ ಡ್ರೈಯರ್ ಇಲ್ಲದೆ ಮುಟ್ಟಬೇಡಿ. ಹಸಿಯ ಮೇಲೆ ಎಳೆದರೆ ಕೆಳಗಿನದೂ ಕಿತ್ತು ಬರುತ್ತದೆ. ನೆರಳು ತಾನಾಗಿ ಕಿತ್ತಳೆಗೆ ತಿರುಗುತ್ತದೆ, ಕೊಳಕು ಹಸಿರಾಗುವುದಿಲ್ಲ. ಕೊನೆಯ ಪದರಕ್ಕೆ ಇನ್ನೊಂದು ಬಣ್ಣ ಒಂದು ಹನಿ ಬೀಳುತ್ತದೆ. ಅದು ಯಾವುದು ಎಂದು ಈಗ ಹೇಳುವುದಿಲ್ಲ. ಬರುವ ವರ್ಷದ ಬೊಂಬೆ-ಬಣ್ಣದ ಸ್ಪರ್ಧೆ ಮುಗಿಯಲಿ.

ಪರ್ಟುರಾಬೋ ಸುಲಭ ಅಂದುಕೊಳ್ಳುತ್ತಾರೆ. ಲೆಡ್‌ಬೆಲ್ಚರ್ ಎಂಬ ಲೋಹದ ಬಣ್ಣ, ಮೇಲೆ ನುಲ್ನ್ ಆಯಿಲ್ ಎಂಬ ತೆಳು ಕಪ್ಪು, ಅಲ್ಲಿಗೆ ಮುಗಿಯಿತು ಅನ್ನುತ್ತಾರೆ. ಹಾಗೆ ಮಾಡಿದರೆ ಅವನು ಹೊಸ ಪಾತ್ರೆ ಅಂಗಡಿಯಿಂದ ಬಂದ ಹಾಗಿರುತ್ತಾನೆ. ನಾನು ಮೊದಲು ತುಕ್ಕು ಪ್ರಯೋಗ ಮಾಡಿದೆ. ಹಾರ್ಡ್‌ವೇರ್ ಅಂಗಡಿಯ ಸ್ಟೀಲ್ ವುಲ್ ಅನ್ನು ವಿನೆಗರ್‌ನಲ್ಲಿ ನೆನೆಸಿ, ತೆಗೆದು ಗಾಳಿಗೆ ಒಣಗಲು ಬಿಟ್ಟರೆ ನಿಜವಾದ ತುಕ್ಕಿನ ಪುಡಿ ಸಿಗುತ್ತದೆ. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಸ್ಕ್ರಬ್ಬರ್ ಬೇಡ, ಅದು ತುಕ್ಕು ಹಿಡಿಯುವುದಿಲ್ಲ. ಪುಡಿ ಚಂದ ಬಂತು, ಆದರೆ ಕವಚಕ್ಕೆ ತರಿ ಜಾಸ್ತಿ. ಅದನ್ನು ಬೇಸ್‌ನ ಮುರಿದ ಕಂಬಿಗಳಿಗೆ ಹಾಕಿದೆ. ಹಾಗೇ ಅಡುಗೆಮನೆಯ ಅರಿಶಿನವನ್ನೂ ಧೂಳಿನ ಬಣ್ಣವಾಗಿ ಪರೀಕ್ಷಿಸಿದೆ. ಕಿಟಕಿಯ ಬಿಸಿಲಿಗೆ ಕೆಲವೇ ದಿನದಲ್ಲಿ ಬಿಳಿಚಿತು. ಕವಚಕ್ಕೆ ಕೊನೆಗೆ ಮಾಡಿದ್ದು ಇಷ್ಟೇ: ಕಬ್ಬಿಣದ ಬಣ್ಣದ ಮೇಲೆ ತೆಳು ಕಂದು, ತೆಳು ನೀಲಿ, ಅಂಚಿಗೆ ಮಾತ್ರ ಹೊಳಪು.

ಓರೆಪಟ್ಟಿಗೆ ಟೇಪ್ ಹಚ್ಚುವವರು ಇದ್ದಾರೆ. ಬಾಗಿದ ಕವಚದ ಮೇಲೆ ಟೇಪ್ ಏಳುತ್ತದೆ, ಅಡಿಗೆ ಬಣ್ಣ ನುಗ್ಗುತ್ತದೆ. ನಾನು ಜಾಗವನ್ನೆಲ್ಲ ಡೋರ್ನ್‌ನ ಹಳದಿಯಿಂದಲೇ ತುಂಬಿದೆ, ಅದೇ ಗುಲಾಬಿ ಅಡಿಯ ಮೇಲೆ. ಪೆನ್ಸಿಲ್‌ನಲ್ಲಿ ನಡುವಿನ ಗೆರೆ ಮೊದಲು, ಅಲ್ಲಿಂದ ಎರಡೂ ಕಡೆ ಅಂದಾಜಿಗೆ. ಆಮೇಲೆ ಕಪ್ಪು. ನಡುವಿನಿಂದ ಹೊರಟರೆ ಅಗಲ ತಪ್ಪಿದರೂ ಅಂಚಿನಲ್ಲಿ ಅಡಗುತ್ತದೆ. ಪಟ್ಟಿ ತೀರಿದ ಮೇಲೆ ಸ್ಪಂಜಿನ ತುಂಡಿನಿಂದ ಅಲ್ಲಲ್ಲಿ ಬಣ್ಣ ಒತ್ತಿ, ಹಳದಿ ಉದುರಿದ ಹಾಗೆ ಮಾಡಿದೆ. ಪರ್ಟುರಾಬೋನ ಹಳದಿ ಸವೆದಿರಬೇಕು, ಡೋರ್ನ್‌ನದು ತುಂಬಿರಬೇಕು. ಇಬ್ಬರ ಕಥೆ ಅಲ್ಲೇ ಬಂದುಬಿಟ್ಟಿತು.

ಗೋಡೆಗೆ ಮಂಗಳೂರು ಹಂಚಿನ ಚೂರು ಬಳಸಿದೆ, ಬೂದು ಬಳಿದು. ಒಡೆದ ಮುಖ ಯಾವ ಪ್ಲಾಸ್ಟಿಕ್ ಕಲ್ಲಿಗಿಂತಲೂ ನಿಜ. ಮುರಕಲ್ಲಿನ ಪುಡಿಯನ್ನು ಜರಡಿ ಹಿಡಿದು ಧೂಳಾಗಿ ಉದುರಿಸಿದೆ. ಖರ್ಚು ಸೊನ್ನೆ.

ಏರ್‌ಬ್ರಷ್ ತಗೋ ಎಂದ ಗೆಳೆಯರಲ್ಲೇ ಒಬ್ಬ ಡೋರ್ನ್‌ಗೆ ಇಪ್ಪತ್ತು ಸಾವಿರ ಕೊಡುತ್ತೇನೆ ಎಂದ. ಒಬ್ಬನನ್ನೇ ಕೊಡುವುದಿಲ್ಲ ಎಂದೆ. ಈಗ ಅವನ ಫಿಸ್ಟ್ಸ್ ಪಡೆಗೂ ಗುಲಾಬಿ ಅಡಿ ಬೀಳುತ್ತಿದೆ. ನಾನು ಮುಂದಿನ ದೃಶ್ಯಕ್ಕೆ, ಸೆಬಾಸ್ಟಸ್ 4 ಎಂಬ ಗ್ರಹದ ಕಂದಕಗಳಿಗೆ ಹಂಚು ಒಡೆಯಲು ಶುರು ಮಾಡಿದ್ದೇನೆ. ಐರನ್ ಕೇಜ್ ಎಂಬ ಕಾಳಗದಲ್ಲಿ ಪರ್ಟುರಾಬೋ ಡೋರ್ನ್‌ನನ್ನು ಸಿಕ್ಕಿಸಿದ ಜಾಗ ಅದು. ಅಲ್ಲಿ ಹಳದಿಯೆಲ್ಲ ಕೆಸರಾಗಬೇಕು, ಅದಕ್ಕೆ ಮುರಕಲ್ಲಿನ ಪುಡಿಗೆ ಏನು ಬೆರೆಸಿದರೆ ಒಣಗಿದ ಮೇಲೂ ಹಸಿಯಾಗಿ ಕಾಣುತ್ತದೆ ಎಂದು ನೋಡುತ್ತಿದ್ದೇನೆ.