ಪಾಟಿ ಟಿವಿಗೆ ಬಂದ ಮೇಲೆ

ನಮ್ಮದು ಹಾವೇರಿ ಜಿಲ್ಲೆಯ ಒಂದು ಕಿರಿಯ ಪ್ರಾಥಮಿಕ ಶಾಲೆ. ಅರ್ಧ ಮಕ್ಕಳು ಊರಿನವರು, ಇನ್ನರ್ಧ ಪಕ್ಕದ ಲಂಬಾಣಿ ತಾಂಡಾದವರು. ನಾನು ನಲಿ-ಕಲಿ ಟೀಚರ್. ನಲಿ-ಕಲಿ ಅಂದರೆ ಸರ್ಕಾರಿ ಶಾಲೆಗಳಲ್ಲಿ ಕಾರ್ಡ್, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ. ಒಂದು, ಎರಡು, ಮೂರನೇ ತರಗತಿಯ 27 ಮಕ್ಕಳು ಒಂದೇ ಕೋಣೆಯಲ್ಲಿ ನನ್ನ ಜೊತೆ ಇರುತ್ತಾರೆ.

2022ರ ಮೇ ತಿಂಗಳಲ್ಲಿ ಶಾಲೆ ಶುರುವಾದಾಗ ಮೂರನೇ ತರಗತಿಗೆ ಬಂದ ಮಕ್ಕಳನ್ನು ನೋಡಿ ನನಗೆ ಹೊಟ್ಟೆ ಚುರ್ ಅಂದಿತ್ತು. ಕೊರೊನಾದಿಂದಾಗಿ ಒಂದನೇ ತರಗತಿಯಲ್ಲಿ ಅವರು ಶಾಲೆಯ ಒಳಗೇ ಕುಳಿತಿರಲಿಲ್ಲ. ಎರಡನೇ ತರಗತಿಯಲ್ಲೂ 2021ರ ಅಕ್ಟೋಬರ್ 25ರ ನಂತರವೇ ಬಾಗಿಲು ತೆರೆದದ್ದು. 2022-23 ‘ಕಲಿಕಾ ಚೇತರಿಕೆ’ಯ ವರ್ಷ, ಅಂದರೆ ಕೊರೊನಾದಲ್ಲಿ ತಪ್ಪಿಹೋದ ಕಲಿಕೆಯನ್ನು ತುಂಬಿಕೊಡುವ ವರ್ಷ. ಅದೇ ಹೊತ್ತಿಗೆ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಸಮಿತಿ) ಮತ್ತು ಹಳೆಯ ವಿದ್ಯಾರ್ಥಿಗಳು ಸೇರಿ ನಮ್ಮ ಕೋಣೆಗೆ 43 ಇಂಚಿನ ಟಿವಿ ಕೊಡಿಸಿದರು. ನನ್ನ ಮಗಳ ಹಳೆಯ ಟ್ಯಾಬ್ ಒಂದನ್ನು ನಾನೇ ಮನೆಯಿಂದ ತಂದೆ. ನಮ್ಮ ತಂತ್ರಜ್ಞಾನ ಅಂದರೆ ಇಷ್ಟೇ. ಒಂದು ಟಿವಿ, ಒಂದು ಟ್ಯಾಬ್, ನನ್ನ ಫೋನ್.

ಮೊದಲ ತಿಂಗಳು ಹಾಡು, ಕಥೆಯ ವಿಡಿಯೊ ಹಾಕಿದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸರ್ಕಾರದ ದೀಕ್ಷಾ ಆ್ಯಪ್‌ನಿಂದ ಪಾಠಗಳನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಬರುತ್ತಿದ್ದೆ, ಏಕೆಂದರೆ ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದು ಬೇವಿನ ಮರದ ಕೆಳಗೆ ಮಾತ್ರ. ಮಕ್ಕಳು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಕೋಣೆ ಎಷ್ಟು ಶಾಂತ! ನನಗೂ ಖುಷಿ. ಆದರೆ ಮಾರನೇ ದಿನ ಆ ಹಾಡಿನಲ್ಲಿ ಬಂದ ಅಕ್ಷರ ಬರೆಯಿರಿ ಅಂದರೆ ಯಾರ ಪಾಟಿಯ ಮೇಲೂ ಏನೂ ಮೂಡಲಿಲ್ಲ. ಹಾಡು ಬಾಯಿಗೆ ಬಂದಿತ್ತು, ಅಕ್ಷರ ಕೈಗೆ ಬಂದಿರಲಿಲ್ಲ.

ಇನ್ನೊಂದು ತೊಂದರೆಯೂ ಇತ್ತು, ಅದು ಇದಕ್ಕಿಂತ ದೊಡ್ಡದು. ನಲಿ-ಕಲಿ ಹುಟ್ಟಿದ್ದು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು ಇದನ್ನು ಕಟ್ಟಿದವರಲ್ಲಿ ನಮ್ಮಂಥ ಶಿಕ್ಷಕರೇ ಇದ್ದರು. ಇದರ ಜೀವವೇ ಪ್ರತಿ ಮಗು ತನ್ನ ವೇಗದಲ್ಲಿ ಹೋಗುವುದು. ಕೋಣೆಯಲ್ಲಿ ಐದು ತಟ್ಟೆಗಳಿರುತ್ತವೆ, ತಟ್ಟೆ ಅಂದರೆ ಮಕ್ಕಳು ಕೂತು ಕಲಿಯುವ ಗುಂಪು. ಒಂದರಲ್ಲಿ ಪೂರ್ತಿ ನನ್ನ ಬೆಂಬಲ, ಇನ್ನೊಂದರಲ್ಲಿ ಸ್ವಲ್ಪ. ಎರಡು ತಟ್ಟೆಗಳಲ್ಲಿ ಮಕ್ಕಳೇ ಮಕ್ಕಳಿಗೆ ಕಲಿಸುತ್ತಾರೆ. ಐದನೆಯದರಲ್ಲಿ ಸ್ವಕಲಿಕೆ. ಮಗು ಕಲಿಕಾ ಏಣಿಯಲ್ಲಿ, ಅಂದರೆ ಕಲಿಕೆಯ ಮೆಟ್ಟಿಲುಗಳನ್ನು ಸಾಲಾಗಿ ತೋರಿಸುವ ಪಟ್ಟಿಯಲ್ಲಿ, ತಾನು ಯಾವ ಮೆಟ್ಟಿಲಲ್ಲಿದ್ದೇನೆ ಅಂತ ನೋಡಿಕೊಂಡು, ಆ ಮೆಟ್ಟಿಲಿನ ಲೋಗೋ (ಗುರುತಿನ ಚಿತ್ರ) ಇರುವ ಕಾರ್ಡ್ ತೆಗೆದುಕೊಂಡು ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ಟಿವಿ ಹಚ್ಚಿದ ಕೂಡಲೇ ಈ ಐದೂ ತಟ್ಟೆಗಳು ಒಡೆದು ಒಂದೇ ಗುಂಪಾಗುತ್ತಿತ್ತು. ಎಲ್ಲರ ಮುಖ ಒಂದೇ ಕಡೆ. 27 ಮಕ್ಕಳ 27 ವೇಗ ಹೋಗಿ, ವಿಡಿಯೊದ ಒಂದು ವೇಗ ಉಳಿಯುತ್ತಿತ್ತು.

ಒಂದು ವಾರ ಟಿವಿಗೆ ಬಟ್ಟೆ ಹೊದಿಸಿ ಇಟ್ಟೆ. ಕೊಡಿಸಿದವರು ಏನಂದುಕೊಳ್ತಾರೋ ಅನ್ನುವ ಅಳುಕು ಇತ್ತು. ಆದರೂ ಯೋಚನೆ ಮಾಡಲು ಸಮಯ ಬೇಕಿತ್ತು.

ದಾರಿ ಸಿಕ್ಕಿದ್ದು ಒಂದು ಮಧ್ಯಾಹ್ನ. ಒಂದನೇ ತರಗತಿಯ ಹುಡುಗಿಯೊಬ್ಬಳು ಮೊದಲ ಬಾರಿಗೆ ‘ಗರಗಸ’ ಅಂತ ಸ್ವಂತವಾಗಿ ಬರೆದಳು. ನಲಿ-ಕಲಿಯಲ್ಲಿ ಅಕ್ಷರ ಅ, ಆ ಅಂತ ಶುರುವಾಗುವುದಿಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ. ಆಮೇಲೆ ಜ, ವ, ಮ, ಬ, ನ. ಮೊದಲ ಐದು ಅಕ್ಷರ ಬಂದರೆ ಸಾಕು, ಸರ, ಅರಸ, ಗರಗಸ ಎಲ್ಲ ಓದಬಹುದು, ಬರೆಯಬಹುದು. ಅವಳು ಪಾಟಿ ಎತ್ತಿ ಎಲ್ಲರಿಗೂ ತೋರಿಸುತ್ತಿದ್ದಳು, ಹಿಂದೆ ಕುಳಿತವರಿಗೆ ಕಾಣುತ್ತಿರಲಿಲ್ಲ. ನಾನು ಫೋನಿನಲ್ಲಿ ಫೋಟೊ ತೆಗೆದು ಟಿವಿಗೆ ಹಾಕಿದೆ. ಕೋಣೆ ತುಂಬಾ ಗದ್ದಲ. “ಟೀಚರ್ರೀ, ನಂದೂ ತೋರಸ್ರೀ!”

ಅಂದಿನಿಂದ ನಮ್ಮ ಟಿವಿ ಮಕ್ಕಳ ಪಾಟಿ ತೋರಿಸುವ ಟಿವಿ ಆಯಿತು. ಹೇಗೆ ಮಾಡಿದೆ ಅಂತ ತುಂಬಾ ಜನ ಟೀಚರ್‌ಗಳು ಕೇಳುತ್ತಾರೆ. ಅದಕ್ಕೇ ಬಿಡಿಸಿ ಹೇಳುತ್ತೇನೆ. ಒಂದು ಸ್ಟೂಲಿನ ಅಂಚಿನಲ್ಲಿ ಫೋನನ್ನು ಮಲಗಿಸಿ, ಕ್ಯಾಮೆರಾ ಇರುವ ತುದಿ ಮಾತ್ರ ಹೊರಗೆ ಚಾಚುವಂತೆ ಇಡುತ್ತೇನೆ. ಬೀಳದ ಹಾಗೆ ಮೇಲೆ ಒಂದು ದಪ್ಪ ಪುಸ್ತಕ. ಕೆಳಗೆ ನೆಲದ ಮೇಲೆ ಪಾಟಿ. ಫೋನಿನ ಸ್ಕ್ರೀನ್ ಕಾಸ್ಟ್ ಒತ್ತಿದರೆ ಕ್ಯಾಮೆರಾ ನೋಡುತ್ತಿರುವುದು ಟಿವಿಯಲ್ಲಿ ಕಾಣುತ್ತದೆ. ನಮ್ಮ ಟಿವಿಗೆ ಫೋನ್ ನೇರವಾಗಿ ಜೋಡಿಯಾಗುತ್ತದೆ, ಇಂಟರ್ನೆಟ್ ಬೇಕಿಲ್ಲ. ಪಾಟಿಯನ್ನು ಯಾವ ಕಡೆ ತಿರುಗಿಸಿದರೆ ಟಿವಿಯಲ್ಲಿ ಅಕ್ಷರ ನೆಟ್ಟಗೆ ಕಾಣುತ್ತದೆ ಅಂತ ಮೊದಲೇ ನೋಡಿಕೊಂಡು, ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದಿಡಿ. ಮಕ್ಕಳು ಆ ಚೌಕದೊಳಗೆ ಪಾಟಿ ಇಡುತ್ತಾರೆ. ಕಿಟಕಿಯ ಬಿಸಿಲು ಪಾಟಿಗೆ ಹೊಡೆದರೆ ಏನೂ ಕಾಣಲ್ಲ. ನಾವು ಹಳೆಯ ಸೀರೆಯೊಂದನ್ನು ಪರದೆ ಮಾಡಿದೆವು.

ಬರೆದು ಮುಗಿದ ಅಕ್ಷರ ತೋರಿಸುವುದಕ್ಕೂ, ಬರೆಯುತ್ತಿರುವ ಕೈ ತೋರಿಸುವುದಕ್ಕೂ ಬಹಳ ವ್ಯತ್ಯಾಸ ಇದೆ. ಬಳಪ ಎಲ್ಲಿಂದ ಹೊರಟಿತು, ಎಲ್ಲಿ ತಿರುಗಿತು, ಎಲ್ಲಿ ನಿಂತು ಯೋಚಿಸಿತು, ಎಲ್ಲವೂ ಕಾಣುತ್ತದೆ. ಒಂದು ದಿನ ಒಬ್ಬಳು ‘ಮರ’ ಬರೆಯಲು ಹೋಗಿ ‘ವರ’ ಬರೆದಳು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಬ್ಬ ಕೂಗಿದ, “ಟೀಚರ್ರೀ, ಅಕಿ ಬಾಲಾ ಬಿಟ್ಟಾಳ್ರೀ!” ವಗೆ ಬಲಗಡೆ ಬಾಲ ಎಳೆದರೆ ಮ ಆಗುತ್ತದೆ ಅನ್ನುವುದನ್ನು ನಾನು ಆ ಮಾತಿನಲ್ಲಿ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಅವಳು ನಕ್ಕು ಬಾಲ ಎಳೆದಳು. ಈಗ ನಮ್ಮ ತರಗತಿಯಲ್ಲಿ ವ ಮತ್ತು ಮ ಕಲಿಸುವಾಗ ‘ಬಾಲ’ ಅನ್ನುವುದೇ ರೂಢಿ. ಆದರೆ ಒಂದು ಎಚ್ಚರ. ತಪ್ಪು ಬರೆದ ಮಗು ಟಿವಿಯ ಮುಂದೆ ಕುಗ್ಗಬಾರದು. ಅದಕ್ಕೆ ಮೊದಲು ನನ್ನ ಪಾಟಿಯನ್ನೇ ಇಟ್ಟು ಬೇಕಂತಲೇ ತಪ್ಪು ಬರೆಯುತ್ತಿದ್ದೆ. ಟೀಚರ್‌ನ ತಪ್ಪು ಹುಡುಕುವುದು ಅವರಿಗೆ ಹಬ್ಬ. ತಪ್ಪು ತೋರಿಸುವುದು ಆಟದ ಒಂದು ಭಾಗ ಅಂತ ಗಟ್ಟಿಯಾದ ಮೇಲೆಯೇ ಅವರ ಪಾಟಿಗಳನ್ನು ಇಡಲು ಶುರು ಮಾಡಿದ್ದು. ಇವತ್ತಿಗೂ ಬೇಡ ಅಂದ ಮಗುವಿನ ಪಾಟಿ ಇಡುವುದಿಲ್ಲ.

ಇದೆಲ್ಲ ದಿನಕ್ಕೆ ಹದಿನೈದು ನಿಮಿಷ ಮಾತ್ರ, ಎಲ್ಲರೂ ಒಟ್ಟಿಗೆ ಕೂರುವ ಹೊತ್ತಿನಲ್ಲಿ. ತಟ್ಟೆಗಳಿಗೆ ಹೋದ ಮೇಲೆ ಟಿವಿ ಬಂದ್. ಮೊದಲು ಟಿವಿ ಗೋಡೆಯ ಮೇಲೆ ಎತ್ತರದಲ್ಲಿತ್ತು. ನೆಲದ ಮೇಲೆ ಕೂರುವ ಮಕ್ಕಳು ಕತ್ತು ಎತ್ತಿ ನೋಡಬೇಕಿತ್ತು. ಅದನ್ನು ಅವರ ಕಣ್ಣಿನ ಮಟ್ಟಕ್ಕೆ ಇಳಿಸಿ ಗೋಡೆಗೆ ಭದ್ರ ಮಾಡಿಸಿದೆವು. ಈಗ ಎದ್ದು ಹೋಗಿ ಕೋಲಿನಿಂದ ಅಕ್ಷರ ತೋರಿಸಬಹುದು.

ಕಥೆಗೆ ಸ್ಟೋರಿವೀವರ್ ಬಳಸುತ್ತೇನೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ತಾಣ, ಕನ್ನಡದಲ್ಲೂ ಬೇಕಾದಷ್ಟು ಚಿತ್ರಕಥೆಗಳಿವೆ, ದುಡ್ಡು ಕೊಡಬೇಕಿಲ್ಲ. ಟಿವಿಯಲ್ಲಿ ಹಾಕಿ, ಅಕ್ಷರ ಇರುವ ಕೆಳಭಾಗಕ್ಕೆ ರಟ್ಟು ಅಡ್ಡ ಹಿಡಿಯುತ್ತೇನೆ. ಮಕ್ಕಳು ಚಿತ್ರ ನೋಡಿ ಕಥೆ ಹೇಳುತ್ತಾರೆ. ಆಮೇಲೆ ರಟ್ಟು ತೆಗೆದು ಪುಸ್ತಕ ಏನು ಹೇಳುತ್ತದೆ ಅಂತ ಓದುತ್ತೇವೆ. ಎಷ್ಟೋ ಸಲ ಮಕ್ಕಳ ಕಥೆಯೇ ಚೆನ್ನಾಗಿರುತ್ತದೆ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ಟ್ಯಾಬ್‌ನ ಕೆಲಸ. ತಾಂಡಾದ ಒಬ್ಬ ಹುಡುಗಿ ಜೂನ್‌ನಿಂದ ಆಗಸ್ಟ್‌ವರೆಗೆ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಮನೆಯಲ್ಲಿ ಲಂಬಾಣಿ, ಇಲ್ಲಿ ಕನ್ನಡ. ಒಂದು ದಿನ ಅವರ ತಟ್ಟೆಯಲ್ಲಿ ಕೂತು, ರೊಟ್ಟಿಯ ಚಿತ್ರ ತೋರಿಸಿ, ರೆಕಾರ್ಡಿಂಗ್ ಹಚ್ಚಿ, ಇದು ಏನು ಅಂತ ಕೇಳಿದೆ. ಎಲ್ಲರೂ ರೊಟ್ಟಿ ಅಂದರು. ಮತ್ತೆ ಹಚ್ಚಿ ಕೇಳಿದಾಗ ಅದರೊಳಗೆ ಸಣ್ಣ ದನಿಯೊಂದು ‘ಬಾಟಿ’ ಅಂದಿತ್ತು. ಅವಳದೇ ದನಿ. ಮೂರು ಸಲ ಕೇಳಿಸಿದೆ. ಅವಳು ಬಾಯಿಗೆ ಕೈ ಮುಚ್ಚಿಕೊಂಡು ನಕ್ಕಳು. ಅವ್ವನ ಚಿತ್ರ ತೋರಿಸಿದೆ. “ಯಾಡಿ,” ಅಂದಳು, ಈ ಸಲ ಜೋರಾಗಿ.

ಆವಾಗ ಶುರುವಾಯಿತು ನಮ್ಮ ‘ಮಾತಿನ ಪೆಟ್ಟಿಗೆ’. ಮಕ್ಕಳೇ ಮನೆಯ, ಹೊಲದ ವಸ್ತುಗಳನ್ನು ತಂದರು, ನಾನು ಫೋಟೊ ತೆಗೆದೆ. ಒಂದು ಸ್ಲೈಡ್‌ಗೆ ಒಂದು ಫೋಟೊ, ಅದರ ಕೆಳಗೆ ಎರಡು ದನಿ. ಒಂದು ಲಂಬಾಣಿ, ಒಂದು ಕನ್ನಡ. ಮುಟ್ಟಿದರೆ ಮಾತಾಡುತ್ತದೆ. ಸುಮಾರು ಅರವತ್ತು ವಸ್ತುಗಳಾದವು. ಟ್ಯಾಬ್ ಹಿಡಿಯುವುದಕ್ಕೆ ಒಂದು ನಿಯಮ ಮಾಡಿದೆವು. ಯಾವಾಗಲೂ ಇಬ್ಬರು, ಒಬ್ಬರದು ಬೆರಳು, ಇನ್ನೊಬ್ಬರದು ಬಾಯಿ. ಬಾಯಿಯವರು ಹೇಳಿದ್ದನ್ನು ಬೆರಳಿನವರು ಮುಟ್ಟಬೇಕು. ಆಮೇಲೆ ಅದಲು ಬದಲು. ಒಬ್ಬರೇ ಹಿಡಿದರೆ ಸುಮ್ನೆ ಒತ್ತುತ್ತಾ ಕೂರುತ್ತಾರೆ, ಇಬ್ಬರಾದರೆ ಮಾತು ಹುಟ್ಟುತ್ತದೆ. ಊರಿನ ಮಕ್ಕಳು ಈಗ ನೀರಿಗೆ ‘ಪಾಣಿ’ ಅನ್ನುತ್ತಾರೆ. ಆ ಹುಡುಗಿ ಈಗ ಅವರ ತಪ್ಪು ಉಚ್ಚಾರ ತಿದ್ದುವ ಟೀಚರ್.

ಮಕ್ಕಳ ದನಿ, ಫೋಟೊ ಯಾವುದನ್ನೂ ನಾನು ಸ್ಟೇಟಸ್‌ಗೆ ಹಾಕುವುದಿಲ್ಲ, ಗ್ರೂಪ್‌ಗಳಿಗೆ ಕಳಿಸುವುದಿಲ್ಲ. ಪೋಷಕರ ಸಭೆಯಲ್ಲಿ ಕೇಳಿಯೇ ರೆಕಾರ್ಡ್ ಮಾಡಿದ್ದು, ಅದು ಟ್ಯಾಬ್‌ನಲ್ಲೇ ಇರುತ್ತದೆ. ಈ ವಿಷಯದಲ್ಲಿ ನಾವು ಟೀಚರ್‌ಗಳು ಇನ್ನೂ ಜಾಸ್ತಿ ಗಟ್ಟಿಯಾಗಿರಬೇಕು. ಆರು ವರ್ಷದ ಮಗು ತನ್ನ ಫೋಟೊ ಎಲ್ಲಿಗೆ ಹೋಯಿತು ಅಂತ ಕೇಳಲು ಬರುವುದಿಲ್ಲ, ಅಲ್ವಾ?

ದೀಪಾವಳಿ ಕಳೆದ ಮೇಲೆ ತಾಂಡಾದ ಕೆಲವು ಮನೆಗಳಿಗೆ ಬೀಗ ಬೀಳುತ್ತದೆ. ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ಆ ವರ್ಷ ನಮ್ಮ ಎರಡನೇ ತರಗತಿಯ ಹುಡುಗನೊಬ್ಬ ಅಪ್ಪ ಅವ್ವನ ಜೊತೆ ಮಂಡ್ಯದ ಕಡೆ ಹೋದ. ಹೋಗುವಾಗ ಅವನ ಅಪ್ಪನ ನಂಬರ್ ಬರೆದುಕೊಂಡೆ. ವಾರಕ್ಕೆ ಎರಡು ಸಲ ಅವನ ಮೆಟ್ಟಿಲಿನ ಕಾರ್ಡ್ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ಜೊತೆಗೆ ಅವನ ತಟ್ಟೆಯ ಗೆಳೆಯರ ದನಿಯಲ್ಲಿ ಒಂದು ಮಾತು. ಎರಡು ವಾರ ಉತ್ತರ ಬರಲಿಲ್ಲ. ಆಮೇಲೆ ಒಂದು ರಾತ್ರಿ ವಾಯ್ಸ್ ಮೆಸೇಜ್ ಬಂತು. ಹಿಂದೆ ಟ್ರ್ಯಾಕ್ಟರ್ ಸದ್ದು, ಮುಂದೆ ಅವನು ನಿಧಾನವಾಗಿ ಕಾರ್ಡ್‌ನ ಪದಗಳನ್ನು ಓದುತ್ತಿದ್ದಾನೆ. ಬೆಳಿಗ್ಗೆ ತರಗತಿಯಲ್ಲಿ ಹಚ್ಚಿದೆ. ಮಕ್ಕಳು ಫೋನಿನ ಸುತ್ತ ಮುಗಿಬಿದ್ದು ಅವನ ಹೆಸರು ಕೂಗಿದರು. ಮಕ್ಕಳು ಬರೆದದ್ದನ್ನು ದಾರಕ್ಕೆ ನೇತುಹಾಕುವ ಕಲಿಕಾ ಚಪ್ಪರದಲ್ಲಿ ಅವನ ದಾರ ಖಾಲಿ ಇತ್ತು. ಅವನು ಓದಿದ ಪದಗಳನ್ನು ಗೆಳೆಯನೊಬ್ಬ ಹಾಳೆಯಲ್ಲಿ ಬರೆದು ಅಲ್ಲಿ ನೇತುಹಾಕಿದ.

ಯುಗಾದಿಯ ಹೊತ್ತಿಗೆ ಅವನು ವಾಪಸ್ ಬಂದ. ಕಪ್ಪಗಾಗಿದ್ದ, ಸ್ವಲ್ಪ ಉದ್ದವೂ ಆಗಿದ್ದ. ನನ್ನ ಹತ್ತಿರ ಬರಲಿಲ್ಲ, ನೇರ ಕಲಿಕಾ ಏಣಿಯ ಮುಂದೆ ಹೋಗಿ ನಿಂತ. ಬೆರಳಿಟ್ಟು ತನ್ನ ಮೆಟ್ಟಿಲು ಹುಡುಕಿದ. ಆಮೇಲೆ ಮುಂದಿನ ಕಾರ್ಡ್ ತಾನೇ ತೆಗೆದುಕೊಂಡು ತನ್ನ ತಟ್ಟೆಯಲ್ಲಿ ಹೋಗಿ ಕುಳಿತ.