ಗುಂಗು ಹತ್ತಬೇಕಾದರೆ: ಹಸೆ ಚಿತ್ತಾರದಿಂದ ಶುರು ಮಾಡುವವರಿಗೆ

"ನಂಗೆ ಯಾವುದರಲ್ಲೂ ಅಂಥ ಆಸಕ್ತಿ ಇಲ್ಲ" ಎನ್ನುವವರ ಲೆಕ್ಕ ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ. ಮೊದಲು ಗುಂಗು ಹತ್ತಲಿ, ಆಮೇಲೆ ಕೆಲಸ ಶುರು ಮಾಡೋಣ ಅಂತ ಕಾಯುತ್ತಾರೆ. ಗುಂಗು ಹತ್ತುವುದು ಕೈ ಸ್ವಲ್ಪ ಪಳಗಿದ ಮೇಲೆ. 1949ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಸ್ಥೆ ಹುಟ್ಟಿದ್ದು ಅಡಿಕೆ ತೋಟಗಳ ನಡುವಿನ ಹಳ್ಳಿಯಲ್ಲಿ. ಅಂಥ ಕಡೆ ನಾಟಕದ ಹುಚ್ಚು ಹಬ್ಬುವುದು ಸಂಜೆ ಹೋಗಿ ಕೂರಲು ಒಂದು ಜಾಗ, ಕಾಯುವ ನಾಲ್ಕು ಜನ, ಹತ್ತಿರ ಬರುತ್ತಿರುವ ಒಂದು ತಾರೀಖು ಇದ್ದಾಗ. ಈ ಮೂರನ್ನು ಮನೆಯಲ್ಲೂ ಒದಗಿಸಿಕೊಳ್ಳಬಹುದು.

ಯಾವ ಕೆಲಸವಾದರೂ ನಡೆಯುತ್ತದೆ. ಇಲ್ಲಿ ಹಸೆ ಚಿತ್ತಾರ ಎಂಬ ಮಲೆನಾಡಿನ ಚಿತ್ರಕಲೆಯನ್ನು ಹಿಡಿದಿರುವುದಕ್ಕೆ ಕಾರಣ ಸರಳ: ಸಾಮಾನು ಬಹುಪಾಲು ಅಡುಗೆಮನೆಯಲ್ಲೇ ಇದೆ, ತಪ್ಪು ಅದೇ ದಿನ ಕಣ್ಣಿಗೆ ಕಾಣುತ್ತದೆ. ಸಾಗರ, ಸೊರಬ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆ ಮನೆಯ ಗೋಡೆಗೆ, ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಗೆ ಬರೆಯುತ್ತ ಬಂದ ಕಲೆ ಇದು. ಬರೆಯುವ ಅಜ್ಜಿಯೋ ಅಕ್ಕನೋ ಹತ್ತಿರದಲ್ಲಿದ್ದರೆ ಅವರ ಪಕ್ಕ ಎರಡು ದಿನ ಸುಮ್ಮನೆ ಕೂತು ನೋಡಿ. ಕಲಿಸಿದ್ದಕ್ಕೆ ಕೈತುಂಬ ಕೊಟ್ಟು ಬನ್ನಿ, ಯಾರಿಂದ ಕಲಿತಿರಿ ಎಂದು ಕೇಳಿದವರಿಗೆಲ್ಲ ಹೇಳಿ.

ಮೊದಲು ನೆಲೆ. ಒಂದು ಅಡಿ ಚೌಕದ ಪ್ಲೈವುಡ್ ಸಾಕು. ಕೆಮ್ಮಣ್ಣನ್ನು ಒಣಗಿಸಿ, ಕುಟ್ಟಿ, ಹಳೇ ಪಂಚೆಯಲ್ಲಿ ಜಾಲಿಸಿ. ಒಂದು ಲೋಟ ಮಣ್ಣಿಗೆ ಒಂದು ಚಮಚ ಫೆವಿಕಾಲ್, ಮಜ್ಜಿಗೆಯ ಹದಕ್ಕೆ ಬರುವಷ್ಟು ನೀರು. ಎರಡು ಸಲ ತೆಳ್ಳಗೆ ಬಳಿಯಿರಿ, ಮೊದಲನೆಯದು ಪೂರ್ತಿ ಒಣಗಿದ ಮೇಲೆಯೇ ಎರಡನೆಯದು. ಒಂದೇ ಸಲ ದಪ್ಪಗೆ ಬಳಿದರೆ ಒಣಗುವಾಗ ಮಣ್ಣು ಕುಗ್ಗಿ, ಬೇಸಗೆಯ ಗದ್ದೆಯ ಹಾಗೆ ಬಿರುಕು ಬಿಡುತ್ತದೆ. ಆಷಾಢದಲ್ಲಿ ಬಿಸಿಲು ನಂಬಿ ಕೂರಬೇಡಿ, ಒಲೆಯ ಅಟ್ಟದ ಹತ್ತಿರ ಇಡಿ. ಹಸಿ ಉಳಿದರೆ ಮೂರೇ ದಿನಕ್ಕೆ ಬೂಷ್ಟು.

ಬಿಳಿಗೆ ಅಕ್ಕಿ. ಒಂದು ಹಿಡಿ ಅಕ್ಕಿಯನ್ನು ಐದಾರು ತಾಸು ನೆನೆಸಿ, ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ. ತರಿ ಉಳಿದರೆ ಗೆರೆ ಅಲ್ಲಲ್ಲಿ ಗಂಟು ಕಟ್ಟುತ್ತದೆ. ಇನ್ನೊಂದು ವಿಷಯದಲ್ಲಿ ಹೊಸಬರೆಲ್ಲ ಎಡವುತ್ತಾರೆ. ಅಕ್ಕಿಯ ಬಿಳಿ ಎಳೆಯುವಾಗ ಸರಿಯಾಗಿ ಕಾಣುವುದೇ ಇಲ್ಲ. ಕೆಂಪು ಮಣ್ಣಿನ ಮೇಲೆ ಬರೀ ನೀರಿನ ಗೆರೆ ಎಳೆದ ಹಾಗೆ, ಇಷ್ಟೇನಾ ಅನ್ನಿಸುತ್ತದೆ. ಕೆಲವು ನಿಮಿಷ ಕಳೆದು ಒಣಗುತ್ತ ಬಂದಾಗ ತುದಿಯಿಂದ ತುದಿಗೆ ಬೆಳ್ಳಗೆ ಏಳುತ್ತದೆ. ಅಷ್ಟು ಹೊತ್ತು ತಾಳದೆ ಹಿಟ್ಟನ್ನು ಮಂದ ಮಾಡಿದರೆ, ಅಥವಾ ಅದರ ಮೇಲೇ ಮತ್ತೆ ಎಳೆದರೆ, ಮಾರನೇ ದಿನ ಹೊಪ್ಪಳಿಕೆಯಾಗಿ ಉದುರುತ್ತದೆ. ನೀರುದೋಸೆ ಹಿಟ್ಟಿನ ಹದ ದಾಟಬೇಡಿ.

ಕಪ್ಪಿಗೂ ಅಕ್ಕಿಯೇ. ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಇದ್ದಿಲಾಗುವ ತನಕ ಹುರಿದು, ನೀರು ಹಾಕಿ ರಾತ್ರಿಯಿಡೀ ನೆನೆಸಿ ಸೋಸಿದರೆ ಆಯಿತು. ಕಂದು ಬಣ್ಣಕ್ಕೇ ಇಳಿಸಿದರೆ ಗೆರೆಯೂ ಕಂದೇ. ಹೊಗೆ ಜೋರು, ಕಿಟಕಿ ತೆಗೆದಿಡಿ. ಹಳದಿ ಗುರಿಗೆ ಕಾಯಿಯ ಬೀಜದಿಂದ. ಸಿಗದಿದ್ದರೆ ಬಿಡಿ, ಮೊದಲ ವರ್ಷಕ್ಕೆ ಎರಡು ಬಣ್ಣವೇ ಹೆಚ್ಚು.

ಕುಂಚ ಪುಂಡಿ ನಾರಿನದು. ಮೂರು ಇಂಚು ಉದ್ದದ ನಾರಿನ ಸಣ್ಣ ಕಟ್ಟು ಮಾಡಿ, ತುದಿಯನ್ನು ಕಲ್ಲಿನ ಮೇಲೆ ಮೆಲ್ಲಗೆ ಜಜ್ಜಿ. ಅಂಗಡಿಯ ಬ್ರಶ್ ಬಾಗುತ್ತದೆ, ಗೆರೆ ಒಂದು ಕಡೆ ಊದಿ ಇನ್ನೊಂದು ಕಡೆ ಸೊರಗುತ್ತದೆ. ಎಳೆಯನ್ನು ನಿಮ್ಮ ಕಡೆಗೇ ಎಳೆಯಿರಿ, ಉಸಿರು ಬಿಡುತ್ತ. ಮೊದಲ ತಿಂಗಳು ಚೌಕದೊಳಗೆ ಬರೀ ಎಳೆಗಳು: ಒಂದೆಳೆ, ಅದರ ಪಕ್ಕ ಇನ್ನೊಂದು. ದಂಡಿಗೆ (ಪಲ್ಲಕ್ಕಿ), ಮದುಮಕ್ಕಳು ಎಲ್ಲ ಆಮೇಲೆ.

ಸಾಮಾನಿನ ಮಾತು ಮುಗಿಯಿತು, ಕಷ್ಟ ಇರುವುದು ಮುಂದೆ. ವಾರಕ್ಕೆ ಮೂರು ದಿನ, ದಿನಕ್ಕೆ ಮುಕ್ಕಾಲು ತಾಸು ಎಂದು ಇಟ್ಟುಕೊಳ್ಳಿ. ಭಾನುವಾರ ಒಂದೇ ದಿನ ನಾಲ್ಕು ತಾಸು ಕೂತರೆ ಕೈ ಸೋಲುತ್ತದೆ, ಮುಂದಿನ ಭಾನುವಾರ ನೆಂಟರು ಬರುತ್ತಾರೆ. ಎರಡು ವಾರ ಹೊಸತನವೇ ಎಳೆದುಕೊಂಡು ಹೋಗುತ್ತದೆ. ಮೂರನೇ ವಾರದಿಂದ ಸುಮಾರು ಎರಡು ತಿಂಗಳ ತನಕ ಬೇಸರದ ಕಾಲ. ಕಣ್ಣು ಮುಂದೆ ಹೋಗಿರುತ್ತದೆ, ಕೈ ಹಿಂದೆ ಉಳಿದಿರುತ್ತದೆ. ನಿನ್ನೆ ಚೆಂದ ಕಂಡ ಗೆರೆ ಇವತ್ತು ಸೊಟ್ಟ ಕಾಣುತ್ತದೆ. ಕೈ ಕೆಟ್ಟಿದ್ದಲ್ಲ, ನೋಟ ಹರಿತವಾಗಿದೆ. ಬಿಟ್ಟವರಲ್ಲಿ ಹೆಚ್ಚಿನವರು ಇದೇ ಗುಂಡಿಯಲ್ಲಿ ಬಿದ್ದವರು, "ನನಗೆ ಇದು ಒಗ್ಗೋದಲ್ಲ" ಎಂದುಕೊಂಡು.

ಈ ಕಾಲ ದಾಟಲು ಹಲಗೆಯನ್ನು ಅಟ್ಟಕ್ಕೆ ಹಾಕದೆ ಜಗಲಿಯಲ್ಲೇ, ಕಣ್ಣೆದುರೇ ಇಡಿ. ಮುಗಿಸಿ ಏಳಬೇಡಿ, ಒಂದು ಮೂಲೆ ಅರ್ಧ ಉಳಿಸಿ ಏಳಿ. ಆ ಅರ್ಧ ಮೂಲೆಯೇ ನಾಳೆ ಕರೆದು ಕೂರಿಸುತ್ತದೆ. ಮತ್ತೆ, ತಾರೀಖು ಬೇಕು. ಮಳೆ ಹಿಡಿದಾಗ ಜೂನ್‌ನಲ್ಲಿ ಶುರು ಮಾಡಿದರೆ ಆಶ್ವಯುಜದ ಭೂಮಿ ಹುಣ್ಣಿಮೆಗೆ ನಾಲ್ಕು ತಿಂಗಳು ಸಿಗುತ್ತದೆ. ಒಂದು ಬಿದಿರು ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಬರೆಯುವುದನ್ನೇ ಗುರಿ ಇಟ್ಟುಕೊಳ್ಳಿ. ಹಬ್ಬದ ದಿನ ಗದ್ದೆಗೆ ಚರಗ (ಭೂಮಿಗೆ ಬೀರುವ ಎಡೆ) ಒಯ್ಯುವ ಮನೆಯವರು ಬುಟ್ಟಿ ಬೇಕು ಎಂದು ಕೇಳಿದರೆ ಇನ್ನೂ ಒಳ್ಳೆಯದು. ನವೆಂಬರಿನಲ್ಲಿ ಅಡಿಕೆ ಕೊಯ್ಲು ಬಂದಾಗ ಜಗಳ ಆಡದೆ ನಿಲ್ಲಿಸಿ, ಸುಗ್ಗಿ ಮುಗಿಸಿ ಕೂರಿ.

ಮೊದಲ ವರ್ಷ ದುಡ್ಡಿಗೆ ಬರೆಯಬೇಡಿ. ಆರ್ಡರು ಬಂದ ದಿನವೇ ಕೈ ಸುಲಭದ ವಿನ್ಯಾಸಕ್ಕೆ ಹೊರಳಿ ಅಲ್ಲೇ ನಿಲ್ಲುತ್ತದೆ. ಗುಂಗು ಹತ್ತಿದೆಯೋ ಇಲ್ಲವೋ ಎಂದು ದಿನಾ ಕೇಳಿಕೊಳ್ಳುವುದೂ ಬೇಡ. ಬಸ್ಸಿನಲ್ಲಿ ಕೂತಾಗ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ ಪಟ್ಟಿ) ಬೇಲಿಯ ಎಳೆ ಎಣಿಸುತ್ತಿದ್ದರೆ, ಮೊಬೈಲು ಹಿಡಿದ ಒಂದು ತಾಸಿನ ಜಡ ಹಲಗೆಯ ಮುಂದೆ ಕೂತ ಒಂದು ತಾಸಿಗೆ ಇಲ್ಲದಿದ್ದರೆ, ಹತ್ತಿದೆ.

ಹಲಗೆ ಬಿಟ್ಟು ಎದ್ದ ಕೂಡಲೇ ಕುಂಚ ತೊಳೆದು ತುದಿ ಕೆಳಗಾಗಿ ನೇತು ಹಾಕಿ, ಇಲ್ಲದಿದ್ದರೆ ಇರುವೆ ಮುತ್ತುತ್ತದೆ. ಹಿಟ್ಟು ಮಾರನೇ ದಿನಕ್ಕೆ ಹುಳಿ ಬರುತ್ತದೆ. ಅದಕ್ಕೇ ಬೇಕಾದಷ್ಟನ್ನು ಮಾತ್ರ ಬಟ್ಟಲಿಗೆ ತೆಗೆದುಕೊಳ್ಳಿ, ಕುಂಚ ತಾಗದೆ ಮಿಕ್ಕಿದ್ದು ಬೆಳಿಗ್ಗೆಯ ತೆಳ್ಳೇವಿಗೆ (ತೆಳು ದೋಸೆಗೆ) ಆಗುತ್ತದೆ.