ಒಂಟಾರಿಯೊಗೆ ಬಂದ ಹೊಸಬರಿಗೆ: ಗಾಂಜಾ ಎಣ್ಣೆಯ ಡಬ್ಬಿ ಓದುವ ಬಗೆ

ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ಹನ್ನೊಂದರ ಹೊತ್ತಿಗೆ ಯಾರೋ ನಮ್ಮ ಬಾಗಿಲು ಬಡಿದರು. ಎದುರು ಮನೆಯ ನೆಲಮಾಳಿಗೆಯಲ್ಲಿ ಬಾಡಿಗೆಗಿರುವ ವಿದ್ಯಾರ್ಥಿಗಳು. ಇಬ್ಬರು ಸೇರಿ ಮೂರನೆಯವನನ್ನು ನಡುವೆ ಹಿಡಿದು ನಿಂತಿದ್ದರು. “ಅಕ್ಕಾ, ಇವನ ಎದೆ ಡವಡವ ಹೊಡೆದುಕೊಳ್ಳುತ್ತಿದೆ, ಸತ್ತೇ ಹೋಗುತ್ತೇನೆ ಎನ್ನುತ್ತಿದ್ದಾನೆ” ಎಂದ ಒಬ್ಬ. ಹಾಸನದ ಕಡೆಯ ಹುಡುಗ, ಇಲ್ಲಿಗೆ ಬಂದು ನಾಲ್ಕು ತಿಂಗಳು. ಮುಖ ಬಿಳಿಚಿಕೊಂಡಿತ್ತು, ಕೈ ನಡುಗುತ್ತಿತ್ತು. ವಿಷಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿ, ಅಲ್ಲಿನ ನರ್ಸ್ ಹೇಳಿದಂತೆ ನಡೆದುಕೊಂಡು, ಬೆಳಗಿನ ಜಾವದವರೆಗೆ ಅವನ ಪಕ್ಕದಲ್ಲಿ ಕುಳಿತಿದ್ದೆ. ಹುಡುಗ ಉಳಿದ, ಏನೂ ಆಗಲಿಲ್ಲ. ಆದರೆ ಆ ರಾತ್ರಿ ಅವನು ಪಟ್ಟ ಭಯವನ್ನು ನಾನು ಮರೆತಿಲ್ಲ.

ಮರುದಿನ ಅವರು ತಾವು ಸೇದಿದ್ದ ಗಾಂಜಾ ಸಾರದ ಡಬ್ಬಿಯನ್ನು ತಂದು ತೋರಿಸಿದರು. ಪರವಾನಗಿ ಇರುವ ಅಂಗಡಿಯಲ್ಲೇ ಕೊಂಡದ್ದು, ಹೆಬ್ಬೆರಳಿನ ಗಾತ್ರದ ಗಾಜಿನ ಡಬ್ಬಿ. ಮೇಲೆ ‘ಟಿಎಚ್‌ಸಿ 24’ ಎಂದಿತ್ತು. ಟಿಎಚ್‌ಸಿ ಎಂದರೆ ಗಾಂಜಾದಲ್ಲಿ ಅಮಲು ತರುವ ಅಂಶ. ಮೊದಲು ನೋಡಿದ್ದ ಗಾಂಜಾ ಹೂವಿನ ಪೊಟ್ಟಣದ ಮೇಲೆ 200ರ ಆಸುಪಾಸಿನ ಸಂಖ್ಯೆ ಇತ್ತಂತೆ. 24 ಎಂದರೆ ಬಹಳ ಹಗುರದ್ದು ಎಂದುಕೊಂಡು ಒಂದು ದೊಡ್ಡ ಚೂರನ್ನು ಕಾಯಿಸಿ ಸೇದಿದ್ದರು. 24ರ ಕೆಳಗಿನ ಸಾಲಿನಲ್ಲಿ ‘ಟೋಟಲ್ ಟಿಎಚ್‌ಸಿ 780’ ಎಂದು ಅಷ್ಟೇ ದೊಡ್ಡ ಅಕ್ಷರದಲ್ಲಿತ್ತು. ಅದನ್ನು ಅವರು ಓದಿದ್ದರು. ಅದರ ಅರ್ಥವೇನೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆ ಒಂದು ಸಾಲಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಗಾಂಜಾವನ್ನು ಮುಟ್ಟದಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ ಎಂಬುದು ನನ್ನ ಅಭಿಪ್ರಾಯ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ, ಮಾರನೆಯ ವರ್ಷದಿಂದ ಅದರ ಸೇದುವ ಸಾರ, ವೇಪ್ (ಎಣ್ಣೆಯನ್ನು ಕಾಯಿಸಿ ಆವಿ ಎಳೆಯುವ ಪೆನ್ನು), ತಿನಿಸುಗಳೂ ಕಾನೂನುಬದ್ಧ. ಮಿಸಿಸಾಗಾ, ಬ್ರಾಂಪ್ಟನ್ ಬೀದಿಗಳಲ್ಲಿ ಕಾಫಿ ಅಂಗಡಿಯ ಪಕ್ಕದಲ್ಲೇ ಗಾಂಜಾ ಅಂಗಡಿ ಇರುತ್ತದೆ. ಒಂಟಾರಿಯೊದಲ್ಲಿ 19 ತುಂಬಿದ ಯಾರಾದರೂ ಒಳಗೆ ಹೋಗಬಹುದು. ಊರಿನಲ್ಲಿ ಹೆಸರೆತ್ತಲೂ ಹೆದರುತ್ತಿದ್ದ ವಸ್ತುವಿನ ಬಗ್ಗೆ ನಮ್ಮ ಮಕ್ಕಳು ಯಾರನ್ನೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಆ ಮೌನದಿಂದ ಯಾರಿಗೂ ಒಳ್ಳೆಯದಾದುದನ್ನು ನಾನು ನೋಡಿಲ್ಲ.

ಈಗ ಆ ಎರಡು ಸಂಖ್ಯೆಗಳ ವಿಷಯ. ಗಿಡದಲ್ಲಿ ಅಮಲು ತರುವ ಟಿಎಚ್‌ಸಿ ನೇರವಾಗಿ ಇರುವುದು ಕಡಿಮೆ. ಹೆಚ್ಚಿನದು ಟಿಎಚ್‌ಸಿಎ ಎಂಬ ಆಮ್ಲದ ರೂಪದಲ್ಲಿರುತ್ತದೆ. ಅದನ್ನು ಹಸಿಯಾಗಿ ತಿಂದರೆ ಅಮಲೇರುವುದಿಲ್ಲ, ಬೆಂಕಿ ತಾಗಿದರೆ ಟಿಎಚ್‌ಸಿಯಾಗಿ ಬದಲಾಗುತ್ತದೆ. ಹಾಗೆ ಬದಲಾಗುವಾಗ ಸ್ವಲ್ಪ ತೂಕ ಕಳೆಯುವುದರಿಂದ ಪ್ರಯೋಗಾಲಯದವರು ಟಿಎಚ್‌ಸಿಎ ಪ್ರಮಾಣವನ್ನು 0.877ರಿಂದ ಗುಣಿಸಿ, ಮೊದಲೇ ಇದ್ದ ಟಿಎಚ್‌ಸಿಗೆ ಕೂಡಿಸುತ್ತಾರೆ. ಆ ಮೊತ್ತವೇ ಟೋಟಲ್ ಟಿಎಚ್‌ಸಿ. ಅಂದರೆ ಮೊದಲ ಸಂಖ್ಯೆ ಡಬ್ಬಿಯಲ್ಲಿ ಸುಮ್ಮನೆ ಕುಳಿತಿರುವಾಗಿನ ಲೆಕ್ಕ, ಎರಡನೆಯದು ಕಾಯಿಸಿದ ಮೇಲಿನ ಲೆಕ್ಕ. ಸೇದುವವರಿಗೆ ಸಂಬಂಧಿಸಿದ್ದು ಎರಡನೆಯದು ಮಾತ್ರ. ಕೆಲವು ಡಬ್ಬಿಗಳ ಮೇಲೆ ಎರಡೂ ಇರುತ್ತವೆ, ಕೆಲವದರ ಮೇಲೆ ಟೋಟಲ್ ಮಾತ್ರ. ಯಾವುದಿದ್ದರೂ ‘ಟೋಟಲ್’ ಎಂಬ ಪದವನ್ನು ಹುಡುಕಿ. ಫ್ರೆಂಚ್ ಭಾಷೆಯಲ್ಲೂ ಅದೇ ಮಾಹಿತಿ ಇರುತ್ತದೆ, ಅದರಿಂದ ಗೊಂದಲ ಬೇಡ.

ಸಂಖ್ಯೆ ಸಾಮಾನ್ಯವಾಗಿ ಪ್ರತಿ ಗ್ರಾಂಗೆ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿರುತ್ತದೆ. ಅದನ್ನು ಹತ್ತರಿಂದ ಭಾಗಿಸಿದರೆ ಶೇಕಡಾವಾರು ಸಿಗುತ್ತದೆ. 780 ಎಂದರೆ ಶೇ 78. ಅಂಗಡಿಗಳಲ್ಲಿ ಸಿಗುವ ಹೂವು 200ರಿಂದ 250ರ ಸುತ್ತಮುತ್ತ ಇರುತ್ತದೆ, ವೇಪ್ ಕಾರ್ಟ್ರಿಜ್, ಅಂದರೆ ವೇಪ್ ಪೆನ್ನಿಗೆ ಹಾಕುವ ಎಣ್ಣೆಯ ಕೊಳವೆ, 800 ದಾಟುವುದು ಸಾಮಾನ್ಯ. ಊರಿನ ಹಬ್ಬದಲ್ಲಿ ಭಂಗಿ ಕುಡಿದ ಅನುಭವವನ್ನು ನೆನೆದು “ನನಗೆ ಇದು ಗೊತ್ತಿದೆ” ಎನ್ನುವವರಿದ್ದಾರೆ. ಭಂಗಿ ಎಲೆಯಿಂದ ಆದದ್ದು. ಎಲೆಯಲ್ಲಿ ಟಿಎಚ್‌ಸಿ ಹೂವಿಗಿಂತ ಬಹಳ ಕಡಿಮೆ. ಇಲ್ಲಿನದು ಹೂವಿನ ಅಂಟನ್ನಷ್ಟೇ ತೆಗೆದು ಸಾರವಾಗಿಸಿದ್ದು. ಮಜ್ಜಿಗೆಗೂ ತುಪ್ಪಕ್ಕೂ ಇರುವ ದೂರ ಇವೆರಡರ ನಡುವೆ ಇದೆ.

ಇನ್ನೊಂದು ಬಗೆಯಲ್ಲಿ ನೋಡೋಣ. ಕೆನಡಾದ ನಿಯಮದಂತೆ ಗಾಂಜಾ ಬೆರೆಸಿದ ಚಾಕೊಲೇಟು ಅಥವಾ ಗಮ್ಮಿಯ ಒಂದು ಪೊಟ್ಟಣದಲ್ಲಿ 10 ಮಿಲಿಗ್ರಾಂಗಿಂತ ಹೆಚ್ಚು ಟಿಎಚ್‌ಸಿ ಇರುವಂತಿಲ್ಲ. ಆದರೆ ಸಾರದ ಒಂದು ಡಬ್ಬಿಯಲ್ಲಿ 1000 ಮಿಲಿಗ್ರಾಂವರೆಗೆ ಇರಬಹುದು. ಒಂದು ಗ್ರಾಂ ತೂಕದ, 850 ಎಂದು ಬರೆದ ಕಾರ್ಟ್ರಿಜ್‌ನಲ್ಲಿ 85 ಚಾಕೊಲೇಟು ಪೊಟ್ಟಣಗಳಷ್ಟು ಟಿಎಚ್‌ಸಿ ಅಡಗಿದೆ. ಸೇದಿದ್ದೆಲ್ಲವೂ ರಕ್ತಕ್ಕೆ ಸೇರುವುದಿಲ್ಲ ನಿಜ, ಆದರೂ ಆ ಅಳತೆ ಮನಸ್ಸಿನಲ್ಲಿರಲಿ. ಒಂದೇ ಒಂದು ಸಣ್ಣ ದಮ್ಮು ಎಳೆದು, ಅರ್ಧ ಗಂಟೆ ಕಾಯುವುದು ಬಿಟ್ಟು ಬೇರೆ ಉಪಾಯವಿಲ್ಲ. ಪರಿಣಾಮ ನಿಮಿಷಗಳಲ್ಲೇ ಶುರುವಾದರೂ ಪೂರ್ತಿ ಏರಲು ಅರ್ಧ ಗಂಟೆ ಹಿಡಿಯಬಹುದು, ಇಳಿಯಲು ಹಲವು ಗಂಟೆ ಬೇಕು. ನಮ್ಮ ಹುಡುಗರು ಮೂರು ನಿಮಿಷ ಕಾದು “ಏನೂ ಆಗಲಿಲ್ಲ” ಎಂದು ಮತ್ತೊಂದು ಚೂರು ಹಾಕಿದ್ದರು.

ಹೆಸರುಗಳ ಗೊಂದಲ ಅಷ್ಟು ಅಪಾಯದ್ದಲ್ಲ, ಬೇಗ ಹೇಳಿ ಮುಗಿಸುತ್ತೇನೆ. ಡಿಸ್ಟಿಲೇಟ್ ಎಂದರೆ ಬಟ್ಟಿ ಇಳಿಸಿ ಟಿಎಚ್‌ಸಿಯನ್ನು ಬಿಟ್ಟು ಬಹುತೇಕ ಎಲ್ಲವನ್ನೂ ಕಳೆದದ್ದು. ವಾಸನೆ, ರುಚಿಗಾಗಿ ಟರ್ಪೀನ್ ಎಂಬ ಸುಗಂಧದ ಅಂಶಗಳನ್ನು ಆಮೇಲೆ ಸೇರಿಸುತ್ತಾರೆ. ಲೈವ್ ರೆಸಿನ್ ಎಂದರೆ ಕೊಯ್ದ ಗಿಡವನ್ನು ಒಣಗಿಸದೆ ಹಾಗೆಯೇ ಹೆಪ್ಪುಗಟ್ಟಿಸಿ, ಬ್ಯೂಟೇನಿನಂಥ ದ್ರಾವಕದಿಂದ ತೆಗೆದ ಸಾರ. ರೋಸಿನ್ ಎಂದರೆ ದ್ರಾವಕವಿಲ್ಲದೆ ಬರೀ ಬಿಸಿ ಮತ್ತು ಒತ್ತಡದಿಂದ ಹಿಂಡಿದ್ದು. ಗಾಜಿನಂತೆ ಸಿಡಿಯುವುದು ಶ್ಯಾಟರ್, ಹರಳುಗಟ್ಟಿದ್ದು ಡೈಮಂಡ್. ಈ ಕೊನೆಯ ಎರಡರಲ್ಲೇ ಟಿಎಚ್‌ಸಿ ಸಣ್ಣದಾಗಿಯೂ ಟೋಟಲ್ ಭಾರಿಯಾಗಿಯೂ ಇರುವುದು ಹೆಚ್ಚು. ಡಿಸ್ಟಿಲೇಟಿನಲ್ಲಿ ಆಗಲೇ ಬಿಸಿ ತಾಗಿರುವುದರಿಂದ ಎರಡೂ ಸಂಖ್ಯೆಗಳು ಹತ್ತಿರ ಹತ್ತಿರ ಇರುತ್ತವೆ. 510 ಎಂದು ಬರೆದಿದ್ದರೆ ಅದು ಬ್ಯಾಟರಿಗೆ ತಿರುಗಿಸಿ ಕೂಡಿಸುವ ತಿರುಪಿನ ಅಳತೆ ಮಾತ್ರ. ಅದನ್ನು ಶಕ್ತಿಯ ಅಳತೆ ಎಂದುಕೊಂಡು ಹೆದರಿದವರನ್ನು ನೋಡಿದ್ದೇನೆ.

‘ಎಕ್ಸ್‌ಟ್ರ್ಯಾಕ್ಟ್’ ಎಂಬ ಒಂದೇ ಗುಂಪಿನಲ್ಲಿ ನುಂಗುವ ಎಣ್ಣೆಯೂ ಬರುತ್ತದೆ, ಸೇದುವ ಎಣ್ಣೆಯೂ ಬರುತ್ತದೆ ಎಂಬುದನ್ನು ಮಾತ್ರ ಹಗುರವಾಗಿ ಬಿಡಬೇಡಿ. ಡಬ್ಬಿಯ ಮೇಲೆ ಬಳಕೆಯ ವಿಧಾನವನ್ನು ಬರೆದಿರುತ್ತಾರೆ. ನುಂಗುವುದನ್ನು ಸಾಮಾನ್ಯವಾಗಿ ಅಡುಗೆ ಎಣ್ಣೆಯಂಥ ಎಣ್ಣೆಯಲ್ಲಿ ಕರಗಿಸಿರುತ್ತಾರೆ. ಅದನ್ನು ಕಾಯಿಸಿ ಶ್ವಾಸಕೋಶಕ್ಕೆ ಎಳೆದುಕೊಂಡರೆ ನ್ಯುಮೋನಿಯಾದಂಥ ತೊಂದರೆ ಬರಬಹುದು. ಸೂಪರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನ ಮಂಡಿನೋವಿಗೆಂದು ಸಿಬಿಡಿ (ಗಾಂಜಾದ ಅಮಲೇರಿಸದ ಅಂಶ) ಎಣ್ಣೆ ತರುವವರಿಗೂ ಒಂದು ಮಾತು: ಮೊದಲು ಟೋಟಲ್ ಟಿಎಚ್‌ಸಿ ಎಷ್ಟಿದೆ ನೋಡಿ. ಅಪ್ಪ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಸಿಬಿಡಿ ಕೊಡಲೇಬೇಡಿ, ಅದು ವಾರ್ಫರಿನ್‌ನ ಪರಿಣಾಮವನ್ನು ಹೆಚ್ಚಿಸಬಹುದು.

ಸಂಖ್ಯೆಗಳನ್ನು ಓದುವುದಕ್ಕೂ ಮೊದಲು ನೋಡಬೇಕಾದದ್ದು ಡಬ್ಬಿ ಅಸಲಿಯೇ ಎಂಬುದನ್ನು. ಕಾನೂನುಬದ್ಧ ಡಬ್ಬಿ ನೋಡಲು ಸಪ್ಪೆಯಾಗಿರುತ್ತದೆ. ನಿಲುಗಡೆ ಫಲಕದ ಆಕಾರದ ಕೆಂಪು ಚಿಹ್ನೆ, ಅದರೊಳಗೆ ಎಲೆ ಮತ್ತು ಟಿಎಚ್‌ಸಿ ಎಂಬ ಅಕ್ಷರಗಳು. ಹಳದಿ ಚೌಕದಲ್ಲಿ ಆರೋಗ್ಯದ ಎಚ್ಚರಿಕೆ. ಪ್ರಾಂತ್ಯದ ಹೆಸರಿರುವ ಅಬಕಾರಿ ಮುದ್ರೆ. ಮಕ್ಕಳ ಕೈಗೆ ಸುಲಭವಾಗಿ ಬಿಚ್ಚದ ಮುಚ್ಚಳ. ಬ್ಯಾಚಿನ ಸಂಖ್ಯೆ, ಪ್ಯಾಕ್ ಮಾಡಿದ ದಿನಾಂಕ, ತಯಾರಕರ ಹೆಸರು ಮತ್ತು ಫೋನ್, ಒಳಗೆ ಏನೇನು ಬೆರೆಸಿದ್ದಾರೆ ಎಂಬ ಪಟ್ಟಿ. ಮುದ್ರೆ ಇಲ್ಲದೆ, ಮಿಠಾಯಿಯ ಬಣ್ಣದಲ್ಲಿ, ಕಾರ್ಟೂನ್ ಚಿತ್ರದೊಂದಿಗೆ ಬಂದರೆ ಅದು ಕಳ್ಳಮಾಲು. ‘500 ಮಿಲಿಗ್ರಾಂ ಗಮ್ಮಿ’ ಎಂದು ಬರೆದಿದ್ದರೆ ಇನ್ನು ಯೋಚಿಸುವುದೇ ಬೇಡ, ಮೇಲೆ ಹೇಳಿದ 10ರ ಮಿತಿ ನೆನಪಿಸಿಕೊಳ್ಳಿ. ಅಂಗಡಿಗೆ ಒಂಟಾರಿಯೊದ ಮದ್ಯ ಮತ್ತು ಜೂಜು ಆಯೋಗದ ಪರವಾನಗಿ ಇದೆಯೇ ಎಂಬುದನ್ನು ಆಯೋಗದ ಪಟ್ಟಿಯಲ್ಲೇ ನೋಡಬಹುದು.

ಕಳ್ಳಮಾಲಿನ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರ ಶ್ವಾಸಕೋಶಗಳು ಇದ್ದಕ್ಕಿದ್ದಂತೆ ಕೆಟ್ಟವು. 2020ರ ಫೆಬ್ರವರಿಯ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು ಅಥವಾ ತೀರಿಕೊಂಡಿದ್ದರು, ಖಚಿತವಾದ ಸಾವುಗಳು 68. ಎಣ್ಣೆಯನ್ನು ದಪ್ಪಗೆ ಕಾಣಿಸಲು ಬೆರೆಸುತ್ತಿದ್ದ ವಿಟಮಿನ್ ಇ ಅಸಿಟೇಟ್ ಎಂಬ ವಸ್ತು ಮುಖ್ಯ ಅಪರಾಧಿ ಎಂದು ಅಲ್ಲಿನ ಆರೋಗ್ಯ ಸಂಸ್ಥೆ ಕಂಡುಕೊಂಡಿತು. ಹೆಚ್ಚಿನವರು ಸೇದಿದ್ದು ಗೆಳೆಯರಿಂದಲೋ ಬೀದಿಯ ಮಾರಾಟಗಾರರಿಂದಲೋ ಪಡೆದ ಟಿಎಚ್‌ಸಿ ಕಾರ್ಟ್ರಿಜ್. ಕೆನಡಾದ ನಿಯಮದಲ್ಲಿ ಸೇದುವ ಎಣ್ಣೆಗೆ ವಿಟಮಿನ್, ಸಕ್ಕರೆ, ಬಣ್ಣ ಬೆರೆಸುವುದಕ್ಕೆ ನಿಷೇಧವಿದೆ. ಡಬ್ಬಿಯ ಮೇಲಿನ ಘಟಕಗಳ ಪಟ್ಟಿ ಬರೀ ಅಲಂಕಾರವಲ್ಲ ಎಂದು ತಿಳಿಯಲು ಇಷ್ಟು ಸಾಕು.

ಡಬ್ಬಿಯ ಮೇಲೆ ಬರೆಯದ ಸಂಗತಿಗಳೂ ಇವೆ. ಹೊಸಬರಿಗೆ ಅವು ಇನ್ನೂ ಮುಖ್ಯ. ಒಂಟಾರಿಯೊದಲ್ಲಿ ಜಿ1, ಜಿ2 ಎಂಬ ಹೊಸ ಚಾಲಕರ ಹಂತದ ಲೈಸೆನ್ಸ್ ಇರುವವರಿಗೆ ಮತ್ತು 21 ವರ್ಷ ಅಥವಾ ಅದಕ್ಕಿಂತ ಕಿರಿಯ ಚಾಲಕರಿಗೆ ಗಾಂಜಾ ವಿಷಯದಲ್ಲಿ ಶೂನ್ಯ ಸಹನೆಯ ನಿಯಮವಿದೆ. ಪೊಲೀಸರ ಎಂಜಲಿನ ಪರೀಕ್ಷೆಯಲ್ಲಿ ಕಂಡರೆ ಸಾಕು. ಬಂದ ಮೊದಲ ವರ್ಷಗಳಲ್ಲಿ ನಮ್ಮವರು ಬಹಳ ಮಂದಿ ಜಿ2ರಲ್ಲೇ ಇರುತ್ತಾರೆ. ರಾತ್ರಿ ಸೇದಿ ಬೆಳಿಗ್ಗೆ ಕೆಲಸಕ್ಕೆ ಕಾರು ತೆಗೆಯುವವರು ಇದನ್ನು ಯೋಚಿಸಿರುವುದಿಲ್ಲ. 2018ರ ಡಿಸೆಂಬರ್‌ನಿಂದ ಅಮಲಿನಲ್ಲಿ ವಾಹನ ನಡೆಸುವುದನ್ನು ವಲಸೆ ಕಾನೂನು ಗಂಭೀರ ಅಪರಾಧಗಳ ಸಾಲಿನಲ್ಲಿ ಎಣಿಸುತ್ತದೆ. ಅದರಿಂದ ಕಾಯಂ ವಾಸದ ಹಕ್ಕೇ ಹೋಗಬಹುದು. ಇಷ್ಟು ಸಾಲ ಮಾಡಿ, ಹೊಲ ಅಡವಿಟ್ಟು ಕಳಿಸಿದ ಮನೆಯವರಿಗೆ ಆಮೇಲೆ ಏನೆಂದು ಹೇಳುವುದು?

ಮನೆಯಲ್ಲಿ ಅಥವಾ ಅಣ್ಣ ತಮ್ಮಂದಿರಲ್ಲಿ ಯಾರಿಗಾದರೂ ಸ್ಕಿಜೋಫ್ರೀನಿಯಾದಂಥ ಮಾನಸಿಕ ಕಾಯಿಲೆ ಇದ್ದರೆ, ಬಸುರಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ, ದಯವಿಟ್ಟು ಈ ಸಾರಗಳ ಹತ್ತಿರ ಹೋಗಬೇಡಿ. ನಮ್ಮ ಮನೆಗಳಲ್ಲಿ ಅಂಥ ಕಾಯಿಲೆಗೆ ಹೆಸರೇ ಇರುವುದಿಲ್ಲ, “ಚಿಕ್ಕಪ್ಪನಿಗೆ ಸ್ವಲ್ಪ ತಲೆ ಸರಿಯಿರಲಿಲ್ಲ” ಎಂದಷ್ಟೇ ಹೇಳಿರುತ್ತಾರೆ. ಆ ಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಯಾರಿಗಾದರೂ ಹೆಚ್ಚಾಗಿ ಹೋದರೆ ನಾಚಿಕೆಪಟ್ಟು ಕೋಣೆಯಲ್ಲಿ ಮಲಗಿಸಿ ಬಾಗಿಲು ಹಾಕಿಕೊಳ್ಳಬೇಡಿ. ವಿಷಮಾಹಿತಿ ಕೇಂದ್ರದ ಸಂಖ್ಯೆ 1-844-764-7669, ಹಗಲು ರಾತ್ರಿ ಉಚಿತ. ಎದೆನೋವು, ಉಸಿರಾಟದ ತೊಂದರೆ, ಎಚ್ಚರ ತಪ್ಪುವುದು ಇದ್ದರೆ, ಅಥವಾ ಪುಟ್ಟ ಮಗು ಬಾಯಿಗೆ ಹಾಕಿಕೊಂಡು ಮಂಕಾಗಿದ್ದರೆ ನೇರ 911. ಏನು, ಎಷ್ಟು, ಯಾವಾಗ ಎಂದು ಕೇಳುತ್ತಾರೆ. ಆ ಹೊತ್ತಿಗೆ ಡಬ್ಬಿ ಕೈಯಲ್ಲಿದ್ದರೆ ಉತ್ತರ ಸಿಗುತ್ತದೆ, ಆದ್ದರಿಂದ ಡಬ್ಬಿಯನ್ನು ಎಸೆಯಬೇಡಿ.

ಗಡಿಯ ವಿಷಯ ಉಳಿಯಿತು. ನಯಾಗರಾ ನೋಡಲು ಹೋಗಿ ಹಾಗೆಯೇ ಸೇತುವೆ ದಾಟಿ ಬಫಲೊ ಕಡೆಗೆ ಹೋಗುವಾಗ ಜೇಬಿನಲ್ಲಿ ಕಾರ್ಟ್ರಿಜ್ ಇರಬಾರದು. ಎರಡೂ ದಿಕ್ಕಿನಲ್ಲಿ ಅದು ಅಪರಾಧ. ಬೆಂಗಳೂರಿಗೆ ಹೋಗುವಾಗಲಂತೂ ಇನ್ನೂ ಕಠಿಣ. ಭಾರತದ 1985ರ ಮಾದಕ ವಸ್ತು ಕಾಯ್ದೆ ‘ಚರಸ್’ ಎಂಬುದರ ವ್ಯಾಖ್ಯೆಯಲ್ಲೇ ಹ್ಯಾಶಿಶ್ ಎಣ್ಣೆಯನ್ನು ಸೇರಿಸಿದೆ, ಅಂದರೆ ಇಲ್ಲಿ ರಸೀದಿಯೊಂದಿಗೆ ಕೊಂಡ ಎಣ್ಣೆ ಅಲ್ಲಿ ಇಳಿದ ಕ್ಷಣ ಚರಸ್ ಆಗುತ್ತದೆ. ಅದನ್ನು ಸೇದುವ ಪೆನ್ನಿಗೂ 2019ರ ಇ-ಸಿಗರೇಟ್ ನಿಷೇಧ ಕಾಯ್ದೆ ಇದೆ. ಕಾರ್ಟ್ರಿಜ್ ಕಿರುಬೆರಳಿನಷ್ಟು ಸಣ್ಣದು, ಮರೆತೇ ಹೋಗುತ್ತದೆ. ಸೂಟ್‌ಕೇಸ್ ಕಟ್ಟುವ ಹಿಂದಿನ ದಿನ ಚಳಿಗಾಲದ ಜಾಕೆಟ್ಟಿನ ಒಳಜೇಬು, ಲ್ಯಾಪ್‌ಟಾಪ್ ಚೀಲದ ಸಣ್ಣ ಜಿಪ್ಪು, ಹೆಂಡತಿ ಮಕ್ಕಳ ಚೀಲಗಳು, ಎಲ್ಲವನ್ನೂ ಕೈಹಾಕಿ ತಡಕಿ ನೋಡಿ.